ಗುಣಮುಖರ ಲೆಕ್ಕದಿಂದ ಒಬ್ಬ ತಾಯಿಯನ್ನು ಕಳೆಯುವ ಕುರಿತು

ಇಂದ:
ಪ್ರಭುಲಿಂಗಪ್ಪ, ಮೆಣಸಿನಕಾಯಿ ದಲಾಲರು, ಬ್ಯಾಡಗಿ
(ಇನ್ನು ಮುಂದೆ 'ಅರ್ಜಿದಾರ')

ಗೆ:
ಮಾನ್ಯ ತಃಖ್ತೆ ಅಧಿಕಾರಿಗಳು, ಆಸ್ಪತ್ರೆಗಳ ಅಂಕಿಸಂಖ್ಯೆ ಶಾಖೆ, ಹಾವೇರಿ

ವಿಷಯ: ರಾಣೇಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗುಣಮುಖರಾದವರ ಸಂಖ್ಯೆಯಿಂದ ಅರ್ಜಿದಾರನ ತಾಯಿಯನ್ನು ಕಳೆಯುವ ಬಗ್ಗೆ, ಮಗಳ ಹೆರಿಗೆ ಹತ್ತಿರ ಬಂದಿರುವುದರಿಂದ ಲಗೂನೆ ಕಳೆಯುವ ಬಗ್ಗೆ.

ಉಲ್ಲೇಖ: 1. ಮಾಹಿತಿ ಹಕ್ಕಿನಡಿ ತಮ್ಮ ಶಾಖೆ ಕೊಟ್ಟ 2006 ಮತ್ತು 2007ನೇ ಸಾಲಿನ ಆಸ್ಪತ್ರೆಗಳ ತಃಖ್ತೆಗಳು.
2. ತಾಯಿಯವರ ಮೌಖಿಕ ಆದೇಶ, ಸ್ಥಳ: ಮೋಟೆಬೆನ್ನೂರು ಕ್ರಾಸ್.
3. ಅಳಿಯಂದಿರ ಹಟ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನು ಯಾರ ಮಾತನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಬ್ಯಾಡಗಿ ಪೇಟೆಯಲ್ಲಿ ಚೀಲದ ಬಾಯಿ ನೋಡಿ ರೇಟು ಹಾಕಿದವನಲ್ಲ. ಮೊಳಕೈವರೆಗೆ ಕೈ ಇಳಿಸಿ, ತಳದ ಕಾಯಿ ತೆಗೆದು, ಬಣ್ಣ ಹೋದ ಬಿಳಿಗಾಯಿ ಎಷ್ಟಿವೆ ಎಂದು ನೋಡುವುದು ಅವನ ಪದ್ಧತಿ. ಆದಕಾರಣ ಹೋದ ವರ್ಷ ತಾಯಿ ಮುದುಕವ್ವನ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಶನ್ ಮಾಡಿಸಬೇಕು ಎಂದಾಗ, ಬೀಗರು ಹೇಳಿದ ಆಸ್ಪತ್ರೆಯನ್ನೂ ಓಣಿಯವರು ಹೇಳಿದ ಆಸ್ಪತ್ರೆಯನ್ನೂ ಪಕ್ಕಕ್ಕಿಟ್ಟು, ತಮ್ಮ ಶಾಖೆಗೆ ಅರ್ಜಿ ಹಾಕಿ ಎಲ್ಲ ಆಸ್ಪತ್ರೆಗಳ ಲೆಕ್ಕದ ತಃಖ್ತೆ ತರಿಸಿಕೊಂಡನು.

2. ಸದರಿ ತಃಖ್ತೆಯಲ್ಲಿ ದಾಖಲಾದವರು, ಗುಣಮುಖರಾಗಿ ಬಿಡುಗಡೆಯಾದವರು, ಮೃತರು ಎಂಬ ಅಂಕಣಗಳಿದ್ದವು. ಹಾವೇರಿಯ ಸರ್ಕಾರಿ ದೊಡ್ಡ ಆಸ್ಪತ್ರೆಯ ಮುಂದೆ ಮೃತರು ಎಪ್ಪತ್ತೊಂದು. ಅದೇ ಹಾಳೆಯ ಹದಿನಾಲ್ಕನೇ ಸಾಲಿನಲ್ಲಿದ್ದ ರಾಣೇಬೆನ್ನೂರಿನ ಆಸ್ಪತ್ರೆಯ ಮುಂದೆ ಸೊನ್ನೆ. ಒಂದೂ ಬಿಳಿಗಾಯಿ ಇಲ್ಲದ ಚೀಲವನ್ನು ಅರ್ಜಿದಾರನು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಅಂಥ ಚೀಲ ಕಂಡರೆ ಮೊದಲು ಅನುಮಾನ ಪಡಬೇಕು ಎಂಬುದು ಪೇಟೆಯ ಹಮಾಲನಿಗೂ ಗೊತ್ತು. ಅರ್ಜಿದಾರನು ಪಡಲಿಲ್ಲ. ಬದಲಿಗೆ ಸೊನ್ನೆಯ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಝೆರಾಕ್ಸ್ ಮಾಡಿಸಿ, ಪೇಟೆಯಲ್ಲೂ ಬೀಗರ ಮನೆಯಲ್ಲೂ ಹಂಚಿದನು. ಸಂಜೆ ತಾಯಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಾಗ ಅವಳಿಗೂ ಓದಿ ಹೇಳುತ್ತಿದ್ದನು.

3. ತಾಯಿಯನ್ನು ಸದರಿ ಸೊನ್ನೆಯ ಆಸ್ಪತ್ರೆಗೆ ಸೇರಿಸಲಾಯಿತು. ಮರುದಿನ ಆಪರೇಶನ್‌ಗೆ ಮುಂಚೆಯೇ ಅವಳಿಗೆ ಚಳಿಜ್ವರ ಬಂದು, ಕಣ್ಣು ಹಳದಿಯಾಗಿ, ಕೈಕಾಲು ತಣ್ಣಗಾದವು. ಅಲ್ಲಿನ ವೈದ್ಯರು ಅರ್ಜಿದಾರನನ್ನು ಪಕ್ಕಕ್ಕೆ ಕರೆದು, "ಇಲ್ಲೇ ಏನಾರ ಹೆಚ್ಚು ಕಮ್ಮಿ ಆಗೋದು ಬ್ಯಾಡ್ರಿ. ಮುಂದ ಎಲ್ಲಾದ್ರೂ ಒಯ್ರಿ, ಇಲ್ಲಾ ಮನೀಗೆ ಒಯ್ರಿ" ಎಂದರು. ಸ್ವಂತ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ಅರ್ಜಿದಾರನಿಂದಲೇ ಸಹಿ ಹಾಕಿಸಿಕೊಂಡರು. ಇಚ್ಛೆ ಯಾರದಿತ್ತು ಎಂಬುದು ಆ ಕಾಗದದಲ್ಲಿಲ್ಲ.

4. ತಾಯಿಯ ತಮ್ಮ ಪರಮೇಶಪ್ಪನವರು, ಜೀವ ಹೋಗುವುದಾದರೆ ಸ್ವಂತ ಮನೆಯಲ್ಲೇ ಹೋಗಬೇಕು, ನಡೀರಿ ಬ್ಯಾಡಗಿಗೆ ಎಂದು ತೀರ್ಮಾನ ಕೊಟ್ಟರು. ಆ ಹೊತ್ತಿಗೆ ಸಿಕ್ಕಿದ್ದು ಅರ್ಜಿದಾರನ ಅಂಗಡಿಯ ಮಾಲು ಹೊರುವ ಫಕ್ಕೀರಸಾಬನ ಟೆಂಪೊ. ಒಳಗೆ ಮೆಣಸಿನಕಾಯಿ ಘಾಟು. ಎಲ್ಲರೂ ಸೀನಿದರು, ತಾಯಿಯೂ ಸೀನಿದ್ದರಿಂದ ಅವಳಿನ್ನೂ ಇದ್ದಾಳೆ ಎಂಬುದು ಖಾತ್ರಿಯಾಗುತ್ತಿತ್ತು. ಅರ್ಜಿದಾರನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತನು. ಕಣ್ಣೀರು ಘಾಟಿಗೆ ಬಂದದ್ದು ಎಂದು ಅಂದು ಹೇಳಿದ್ದು ಸುಳ್ಳೆಂದು ಈ ಮೂಲಕ ದೃಢೀಕರಿಸುತ್ತಾನೆ.

5. ಮೋಟೆಬೆನ್ನೂರು ಕ್ರಾಸಿನಲ್ಲಿ ಬ್ಯಾಡಗಿಯ ರಸ್ತೆ ಒಡೆಯುತ್ತದೆ. ನೆಟ್ಟಗೆ ಹೋದರೆ ಹಾವೇರಿ. ಫಕ್ಕೀರಸಾಬ ಗಾಡಿ ನಿಧಾನ ಮಾಡಿ ಯಾವ ಕಡೆ ಎಂದು ಕೇಳಿದ. ಪರಮೇಶಪ್ಪನವರು ಮನೆಯ ಕಡೆ ಕೈ ತೋರಿಸಿದರು. ಅಷ್ಟರಲ್ಲಿ ತಾಯಿ ಕಣ್ಣು ತೆರೆದಳು.

"ನೆಟ್ಟಗ ಹಾವೇರಿಗೆ ಹೊಡಿ, ಫಕ್ಕೀರಸಾಬ. ಅಲ್ಲಿ ಎಪ್ಪತ್ತೊಂದು ಮಂದಿ ಸತ್ತಾರಂತ, ನಮ್ಮ ಪ್ರಭು ದಿನಾ ಓದ್ತಾನ. ಅಂದ್ರ ಸಾಯೋ ಹಂಗ ಇದ್ದೋರನ್ನೂ ಒಳಗ ಕರಕೋತಾರ."

"ಅಕ್ಕಾ, ಅಲ್ಲಿ ಸಾಯಾಕ ಹೊಂಟೀ ಏನ?" ಎಂದರು ಪರಮೇಶಪ್ಪನವರು.

"ನಾ ಎಲ್ಲಿ ಹೊಂಟೇನಿ? ನನ್ನ ಸಾಯಸಾಕ ಮನೀಗೆ ಒಯ್ಯಾಕತ್ತೋರು ನೀವು."

ಗಾಡಿ ನೆಟ್ಟಗೆ ಹೋಯಿತು.

6. ಹಾವೇರಿಯಲ್ಲಿ ಇಲ್ಲಿಗೇಕೆ ತಂದಿರಿ ಎಂದು ಯಾರೂ ಕೇಳಲಿಲ್ಲ. ಬಾಗಿಲಲ್ಲೇ ಸಲಾಯಿನ್ ಹಚ್ಚಿದರು. ತೂಗುಹಾಕುವ ಕಂಬಿ ಬರುವ ತನಕ ಬಾಟಲಿಯನ್ನು ಪರಮೇಶಪ್ಪನವರೇ ಎತ್ತಿ ಹಿಡಿದು ನಿಂತರು; ತೀರ್ಮಾನ ಕೊಟ್ಟ ಕೈಗೆ ಅಷ್ಟಾದರೂ ಕೆಲಸ ಆಯಿತು. ಜ್ವರ ಇಳಿದ ಮೇಲೆ ಕಲ್ಲು ತೆಗೆದರು. ಈಗ ತಾಯಿ ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ತಿನ್ನುತ್ತಾಳೆ, ಬೇಡವೆಂದವರನ್ನು ಬೈಯುತ್ತಾಳೆ.

7. ಹೀಗಿರಲಾಗಿ ಈ ವರ್ಷ ಹೊಸ ತಃಖ್ತೆ ಬಂದಿದೆ. ಹದಿನಾಲ್ಕನೇ ಸಾಲಿನಲ್ಲಿ ದಾಖಲಾದವರು 312, ಗುಣಮುಖರಾದವರು 312, ಮೃತರು ಮತ್ತೆ ಸೊನ್ನೆ. ಆ 312ರಲ್ಲಿ ಅರ್ಜಿದಾರನ ತಾಯಿಯೂ ಒಬ್ಬಳು. ಇನ್ನೂ ಯಾರ್ಯಾರ ತಾಯಂದಿರು ಇದ್ದಾರೋ ತಿಳಿಯದು. ಅವರ ಗಾಡಿಯಲ್ಲೆಲ್ಲ ಕ್ರಾಸು ಬಂದಾಗ ಬಾಯಿ ಬಿಡುವ ಮುದುಕಿ ಇದ್ದಿರಲಿಕ್ಕಿಲ್ಲ.

8. ಅರ್ಜಿದಾರನ ಮಗಳು ಭುವನಾ ಚೊಚ್ಚಲ ಬಸುರಿ. ಬಿ.ಪಿ. ಏರಿದೆ, ಹೆರಿಗೆ ಕಷ್ಟವಾಗಬಹುದು ಎಂದಿದ್ದಾರೆ. ಅಳಿಯ ವಿಜಯಮಹಾಂತೇಶನವರು ರಾಣೇಬೆನ್ನೂರಿನ ಬೀಜದ ಅಂಗಡಿಯವರು, ಅಚ್ಚಾದದ್ದನ್ನು ಬಿಟ್ಟರೆ ಬೇರೇನನ್ನೂ ನಂಬರು. ಹೆರಿಗೆ ಹದಿನಾಲ್ಕನೇ ಸಾಲಿನಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದಾರೆ. ಅರ್ಜಿದಾರನು ನಡೆದದ್ದೆಲ್ಲ ಹೇಳಿದಾಗ ಅವರು ಎರಡು ಕಾಗದ ಮುಂದಿಟ್ಟರು: ಒಂದು, ಅರ್ಜಿದಾರನೇ ಕೆಂಪು ಗೆರೆ ಎಳೆದು ಹಂಚಿದ ಝೆರಾಕ್ಸ್, ಇನ್ನೊಂದು, ಹೊಸ ತಃಖ್ತೆ.

"ಮಾವಾರ, ನೀವು ಹೇಳೋದೊಂದು, ಸರಕಾರದ ಕಾಗದ ಹೇಳೋದೊಂದು. ಅಮ್ಮಾರು ಅಲ್ಲೇ ಗುಣ ಆಗ್ಯಾರಂತ ಬರದೈತಲ್ರಿ."

ಅಂದಿನಿಂದ ಅರ್ಜಿದಾರನಿಗೆ ಊಟ ಸೇರುತ್ತಿಲ್ಲ. ಕಷ್ಟ ಬಂದರೆ ತನ್ನ ಮಗಳನ್ನೂ ಆ ಆಸ್ಪತ್ರೆಯವರು ಹೊರಗೆ ಸಾಗಿಸಿ ದಾರಿಗೆ ಹಚ್ಚುತ್ತಾರೆ ಎಂಬ ಭಯ ಅವನಿಗಿದೆ.

ಆದ್ದರಿಂದ ತಾವು ದಯಮಾಡಿ

(ಅ) ಹದಿನಾಲ್ಕನೇ ಸಾಲಿನ ಗುಣಮುಖರನ್ನು 311 ಎಂದು ತಿದ್ದಿ, ಮುದ್ರೆ ಒತ್ತಿ ಕೊಡಬೇಕು. ಅಳಿಯಂದಿರಿಗೆ ಮುದ್ರೆ ಸ್ಪಷ್ಟವಾಗಿ ಕಾಣಬೇಕು.

(ಆ) ಕಳೆದ ಒಂದನ್ನು ಇಡಲು 'ದಾರಿಗೆ ಹಚ್ಚಿಸಿಕೊಂಡವರು' ಎಂಬ ಹೊಸ ಅಂಕಣ ತೆರೆಯಬೇಕು. ಸದರಿ ಅಂಕಣ ಸೊನ್ನೆಯ ಪಕ್ಕದಲ್ಲೇ ಇರಬೇಕು.

(ಇ) ಗುಣವಾದವಳನ್ನು ಕಳೆಯುವುದು ಹೇಗೆ, ಅವಳು ಗುಣವಾಗಿದ್ದಾಳಲ್ಲ ಎಂದು ತಮ್ಮ ಶಾಖೆ ಆಕ್ಷೇಪಿಸಿದಲ್ಲಿ, ಲಗತ್ತು 3ನ್ನು ವಿಚಾರಿಸಬೇಕು. ಎಲ್ಲಿ ಗುಣವಾಯಿತು ಎಂಬುದನ್ನು ಅದೇ ಹೇಳುತ್ತದೆ.

ತಮ್ಮಲ್ಲಿ ವಿಶ್ವಾಸವಿರುವ, ತಮ್ಮ ತಃಖ್ತೆಯಲ್ಲಿ ಸದ್ಯಕ್ಕೆ ಇಲ್ಲದ,
ಪ್ರಭುಲಿಂಗಪ್ಪ

ಲಗತ್ತುಗಳು:
1. ತಃಖ್ತೆಗಳ ನಕಲು, ಎರಡು. ಕೆಂಪು ಗೆರೆ ಅರ್ಜಿದಾರನದು. ಅದಕ್ಕೆ ಕ್ಷಮೆ ಇರಲಿ.
2. ಸ್ವಂತ ಇಚ್ಛೆಯ ಕಾಗದ, ನಕಲು.
3. ಅರ್ಜಿದಾರನ ತಾಯಿ ಮುದುಕವ್ವ, ಮೂಲಪ್ರತಿ. ತಮ್ಮ ಕಚೇರಿಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಪರಿಶೀಲಿಸಿದ ಮೇಲೆ ತಪ್ಪದೆ ಹಿಂದಿರುಗಿಸಬೇಕು, ನಕಲು ಇರುವುದಿಲ್ಲ.