ಐನೂರರ ಬೀಗರು

ಹುಣಸೀಮರದ ಓಣಿ ಎರಡು ತುಂಡಾದದ್ದು ಕನ್ನಡ ನಾಡು ಒಂದಾಗಿ ಐವತ್ತು ವರ್ಷ ತುಂಬಿದ ದಿನ, ಮುಂಜಾನೆ. ಅದಕ್ಕೆ ಕಾರಣ, ಬ್ಯಾಡಗಿಯಿಂದ ಬರಬೇಕಾಗಿದ್ದ ಮುಖ್ಯ ಅತಿಥಿಗಳ ಜೀಪು.

ಜೀಪು ಬರಲಿಲ್ಲ. ಧ್ವಜ ಏರಿತ್ತು, ಮಕ್ಕಳ ಅಂಗೈಯಲ್ಲಿ ಪೆಪ್ಪರಮಿಂಟು ಕರಗುತ್ತಿತ್ತು, ಬಾಡಿಗೆಗೆ ತಂದ ಮೈಕು ಸುಮ್ಮನೆ ಗುಂಯ್‌ಗುಡುತ್ತಿತ್ತು. ಹಾವೇರಿಯ ಜನ ಏನನ್ನಾದರೂ ಸಹಿಸಿಯಾರು, ಬಾಡಿಗೆ ಕೊಟ್ಟ ಮೈಕು ಸುಮ್ಮನಿರುವುದನ್ನು ಸಹಿಸಲಾರರು. "ಮಾಸ್ತರ, ಜೀಪ್ ಬರೂತನಕ ಒಂದೀಟು ಮಾತಾಡ್ರಿ" ಎಂದು ಡಾಕಪ್ಪ ಮಾಸ್ತರರನ್ನು ಮುಂದಕ್ಕೆ ನೂಕಿದರು.

ಡಾಕಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು; ಒಲ್ಲೆ ಎನ್ನಲು ಬಾರದ ಮನುಷ್ಯ. ಅದರಲ್ಲೂ ಅಂದು ಅವರ ಮನಸ್ಸು ಬೆಲ್ಲದ ಪಾಕವಾಗಿತ್ತು. ಸಂಜೆಗೆ ಮಗಳು ಶ್ರೀದೇವಿಗೆ ಎದುರು ಸಾಲಿನ ಅಂದಾನೆಪ್ಪನವರ ಮಗ ರುದ್ರಮುನಿಯೊಡನೆ ಲಗ್ನ ಗೊತ್ತುಮಾಡಿ ಕುಂಕುಮ ಹಚ್ಚುವ ಶಾಸ್ತ್ರ. ಹುಡುಗನಿಗೆ ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ. ತಂದೆಗೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದು ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವ ದೊಡ್ಡ ಮನಸ್ಸನ್ನು ಓಣಿ ಎರಡು ವರ್ಷ ತೋರಿಸಿತ್ತು.

ಏಕೀಕರಣದ ಬಗ್ಗೆ ತಿಳಿದದ್ದನ್ನೆಲ್ಲ ಹೇಳಿ ಮುಗಿಸಿದರೂ ಜೀಪಿನ ಸದ್ದಿಲ್ಲ. ಮಾಸ್ತರರು ಇನ್ನೂ ಹಿಂದಕ್ಕೆ ಹೋದರು.

"ಹಿಂದಕ ಈ ಕಡೆ ಬನವಾಸಿ ಹನ್ನೆರಡು ಸಾವಿರ, ಪಾನುಂಗಲ್ಲು ಐನೂರು, ಬಾಸವೂರು ನೂರಾ ನಲವತ್ತು ಅಂತ ಹಳ್ಳಿ ಲೆಕ್ಕದ ಮ್ಯಾಲೆ ಸೀಮಿಗೋಳು ಇದ್ದವು."

ಅಲ್ಲಿಗೆ ನಿಂತಿದ್ದರೆ ಅದು ಇತಿಹಾಸವಾಗುತ್ತಿತ್ತು. ಆದರೆ ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ತೂಕಡಿಸುತ್ತಿದ್ದ ಜನ ಓಸಿ ಜೂಜಿನ ನಂಬರು ಕೇಳಿದವರ ಹಾಗೆ ನೆಟ್ಟಗೆ ಕೂತರು. ಮಾಸ್ತರರಿಗೆ ಹುರುಪು ಬಂತು.

"ಯಾರಿಗೆ ಗೊತ್ರಿ, ಆ ಗಡಿ ನಮ್ಮ ಓಣಿ ನಡುವ ಹಾದು ಹೋಗಿದ್ರೂ ಹೋಗಿರಬಹುದು. ಪಡುವಲ ಸಾಲು ಐನೂರು, ನಮ್ಮ ಮೂಡಲ ಸಾಲು ನೂರಾ ನಲವತ್ತು."

ದೊಡ್ಡ ಸಂಖ್ಯೆಯನ್ನು ಎದುರು ಸಾಲಿಗೆ ಕೊಟ್ಟದ್ದು ಬರೀ ಬೀಗರ ಮರ್ಯಾದೆಗೆ. ಪಡುವಲ ಸಾಲು ಜೋರಾಗಿ ಚಪ್ಪಾಳೆ ತಟ್ಟಿತು. ಮೂಡಲ ಸಾಲು ತಟ್ಟಲಿಲ್ಲ. ಮುಖ್ಯ ಅತಿಥಿಗಳಿಗೆ ಬ್ಯಾಡಗಿಯಲ್ಲೇ ಇನ್ನೊಂದು ಧ್ವಜ ಸಿಕ್ಕಿತೆಂದು ಆಮೇಲೆ ಫೋನು ಬಂತು.

ಬಿಸಿಲೇರುವುದರೊಳಗೆ ಎರಡೂ ಸೀಮೆಗಳಿಗೆ ಸಾವಿರ ವರ್ಷದ ಹಳೆಯ ನೆನಪೆಲ್ಲ ಮರಳಿತು. ಅಂದಾನೆಪ್ಪನವರ ಹೆಂಡತಿ ಸಿದ್ದವ್ವ ಕಟ್ಟೆಯ ಮೇಲೆ ಕೂತು, "ಅದಕ್ಕ ನೋಡು, ಆ ಸಾಲಿನವರ ರೊಟ್ಟಿ ಮೊದಲಿಂದಲೂ ದಪ್ಪ" ಎಂದಳು. ಮೂಡಲ ಸಾಲಿನ ಹೆಂಗಸರು, "ಅವರ ಚಟ್ನ್ಯಾಗ ಬಳ್ಳೊಳ್ಳಿ ಹುಡುಕಾಕ ಕಂದೀಲು ಬೇಕು. ಐನೂರು ಇದ್ರ ಏನಾತು?" ಎಂದು ಉತ್ತರ ಕೊಟ್ಟರು. ಓಣಿಯ ನಡುವೆ ಬಟ್ಟೆ ಒಗೆಯುತ್ತಿದ್ದ ಕಲ್ಲು ಗಡಿಕಲ್ಲಾಗಿ ಬಡ್ತಿ ಪಡೆಯಿತು. ಯಾರೋ ಅದಕ್ಕೆ ವಿಭೂತಿ ಬಳಿದರು, ಇನ್ಯಾರೋ ಹೂ ಏರಿಸಿದರು. ಅರ್ಧ ಒಗೆದ ಧೋತರವೊಂದು ದೇವರ ಪಕ್ಕದಲ್ಲಿ ಬಕೆಟ್ಟಿನಲ್ಲೇ ಉಳಿಯಿತು.

ಓಣಿಗೆ ಇದ್ದದ್ದು ಒಂದೇ ನಳ, ಅದೂ ಮೂಡಲ ಸಾಲಿನಲ್ಲಿ. ಎಂಟು ದಿನಕ್ಕೊಮ್ಮೆ ಬರುವ ನೀರು ಅವತ್ತೇ ಬಂತು. "ಐನೂರರವರು ತಮ್ಮ ಸೀಮಿ ನೀರು ಕುಡೀಲಿ" ಎಂದು ಮೂಡಲ ಸಾಲಿನವರು ನಳಕ್ಕೆ ಅಡ್ಡ ನಿಂತರು. ಮಾಸ್ತರರು ಬಿಡಿಸಲು ಹೋದರು. ಎರಡೂ ಕಡೆಯ ಕೊಡಗಳ ನಡುವೆ ಸಿಕ್ಕು ಚಟ್ನಿಯಾಗಿ, ಸೊಂಟದವರೆಗೆ ತೊಯ್ದು ಹೊರಬಂದಾಗ ಎದುರಿಗೆ ಅಂದಾನೆಪ್ಪನವರು ನಿಂತಿದ್ದರು.

"ಮಾಸ್ತರ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಸಂಜಿ ಕಾರ್ಯ ಬ್ಯಾಡ ಅಂತ ಮಾಡೇವಿ. ಹುಡುಗಿ ಬಂಗಾರದಂಥಾಕಿ. ಆದ್ರ ಸೀಮಿ ಬ್ಯಾರೆ ಆತಲ್ಲ."

"ಅಂದಾನೆಪ್ಪನವರ, ಆ ಗಡಿ ನಾ ಹುಟ್ಟಿಸಿದ್ದರಿ. ನಿಂತ ನಿಂತಲ್ಲೇ ಹುಟ್ಟಿಸಿದ್ದು."

"ನೀವು ಕಲಿತಾವ್ರು. ಅಷ್ಟು ಮಂದಿ ಮುಂದ, ಮೈಕಿನ್ಯಾಗ ಸುಳ್ಳು ಹೇಳ್ತೀರೇನ್ರಿ?" ಅಂದಾನೆಪ್ಪನವರು ನಕ್ಕರು. "ನಮ್ಮ ಮುತ್ಯಾನೂ ಹಂಗ ಅಂತಿದ್ದ. ಹಾದಿ ದಾಟಿ ಹೆಣ್ಣು ತರಬಾರದು ಅಂತ."

ಆ ಅಜ್ಜನ ಹೆಂಡತಿಯೇ ಮೂಡಲ ಸಾಲಿನವಳು. ಅದನ್ನು ನೆನಪಿಸುವ ಧೈರ್ಯ, ಧೋತರದಿಂದ ನೀರು ಸೋರುತ್ತಿದ್ದ ಮಾಸ್ತರರಿಗೆ ಬರಲಿಲ್ಲ. ಮನೆಯಲ್ಲಿ ಹೆಂಡತಿ ಗುಡ್ಡವ್ವ ಕಡಲೆಬೇಳೆ ಕುದಿಸಿ ಹೂರಣಕ್ಕೆ ಅಣಿಮಾಡಿಕೊಂಡಿದ್ದಳು. ಶ್ರೀದೇವಿ ಅಪ್ಪನ ಮುಖ ನೋಡಿ ಒಣ ಟವೆಲು ಕೊಟ್ಟು ಒಳಗೆ ಹೋದಳು. ಅವಳು ಬೈದಿದ್ದರೂ ಮಾಸ್ತರರಿಗೆ ಅಷ್ಟು ನೋಯುತ್ತಿರಲಿಲ್ಲ.

ಓಣಿಯ ಕೊನೆಯ ಮನೆ ಮೆಹಬೂಬಿಯದು. ಮನೆಯಲ್ಲಿರಲಾರದೆ ಅತ್ತ ಹೊರಟ ಮಾಸ್ತರರನ್ನು ಅವಳು ಕರೆದು, ಕುರ್ಚಿ ಹಾಕಿ, ಚಾ ಕೊಟ್ಟಳು. ಅವಳ ಹಿತ್ತಲಿನ ಕೈಪಂಪಿನಿಂದ ಪಡುವಲ ಸಾಲಿನವರು ಕೊಡ ತುಂಬಿಕೊಳ್ಳುತ್ತಿದ್ದರು.

"ಮಾಸ್ತರ, ನಮ್ಮ ಮನಿ ಯಾವ ಸೀಮ್ಯಾಗ ಬರ್ತದ?"

"ನಿಮ್ಮನ್ನ ಯಾವದಕ್ಕೂ ಹಾಕಿಲ್ಲವ್ವಾ."

"ಚಲೋ ಆತು ಬಿಡ್ರಿ. ಎರಡೂ ಕಡೆಯವರಿಗೂ ನೀರು ಕೊಡಾಕ ಬರ್ತದ." ಸೆರಗಿನಿಂದ ಕೈ ಒರೆಸಿಕೊಂಡು ಅವಳು ಮೆಲ್ಲಗೆ ಅಂದಳು, "ಮೈಕ್ ಇನ್ನೂ ಬಿಚ್ಚಿಲ್ಲ. ಹೇಳಿದ ಬಾಯಿಲೇ ತಿರುಗಿ ಹೇಳ್ರಿ. ಖರೇ ಹೇಳಾಕ ಯಾಕ ನಾಚಿಕಿ?"

ಇಳಿಹೊತ್ತಿಗೆ ಮಾಸ್ತರರು ಮತ್ತೆ ಮೈಕು ಹಿಡಿದರು. ಎರಡೂ ಸಾಲಿನವರು ಗಡಿಕಲ್ಲಿನ ಅತ್ತಿತ್ತ ನೆರೆದರು.

"ಮುಂಜಾನೆ ನಾ ಹೇಳಿದ್ದು ಸುಳ್ಳು."

"ಪಾಪ, ಬೀಗತನ ಉಳಿಸಿಕೊಳ್ಳಾಕ ಸುಳ್ಳು ಹೇಳಾಕತ್ತಾರ" ಎಂದು ಯಾರೋ ಮರುಗಿದರು. ಜನ ಏಳತೊಡಗಿದರು. ಸಿದ್ದವ್ವ ಸೀರೆ ಕೊಡವಿಕೊಂಡಳು. ಖರೇ ಎನ್ನುವುದು ಎಷ್ಟು ಚಿಕ್ಕ ಭಾಷಣವೆಂದು ಮಾಸ್ತರರಿಗೆ ಆಗ ತಿಳಿಯಿತು. ಅವರು ಗಾಬರಿಯಿಂದ ಕೂಗಿದರು.

"ಸುಳ್ಳಂದ್ರ, ಅರ್ಧಾ ಹೇಳಿದ್ದೆ. ಇನ್ನರ್ಧಾ ಕೇಳ್ರಿ. ಈ ಸೀಮಿಗೋಳು ಹುಟ್ಟೂದಕ್ಕಿಂತ ಮೊದಲ ಇಲ್ಲಿ ಒಬ್ಬ ಹಿರಿಯಾ ಇದ್ದ."

ಜನ ಕೂತರು.

"ಅವಗ ಇಬ್ಬರು ಗಂಡುಮಕ್ಕಳು. ಒಬ್ಬಾವ ಪಡುವಲಕ್ಕ ಮನಿ ಕಟ್ಟಿದ, ಒಬ್ಬಾವ ಮೂಡಲಕ್ಕ. ಈ ಓಣಿ ಅಂದ್ರ ಅವರಿಬ್ಬರ ನಡುವಿನ ಅಂಗಳ. ನಾವೆಲ್ಲಾರೂ ಅವನ ಸಂತಾನ. ಒಂದ ರಕ್ತ."

"ನೀವೂ ಏನ್ರಿ ಮಾಸ್ತರ?" ಅಂದಾನೆಪ್ಪನವರು ಎದ್ದು ನಿಂತರು.

"ನಾನೂ, ನೀವೂ. ಒಂದ ಬಳ್ಳಿ ಕಾಯಿ."

ಸಿದ್ದವ್ವ ಮೂಗು ಸೀಟಿದಳು. ನಳಕ್ಕೆ ಅಡ್ಡ ನಿಂತವರೇ ಪಡುವಲ ಸಾಲಿನ ಮನೆ ಮನೆಗೆ ಕೊಡ ಹೊತ್ತು ಹಾಕಿ ಬಂದರು. ಕಲ್ಲು ದೇವರ ಕೆಲಸ ಬಿಟ್ಟು ಧೋತರದ ಕೆಲಸಕ್ಕೆ ಮರಳಿತು. ಅಂದಾನೆಪ್ಪನವರು ಮಾಸ್ತರರನ್ನು ಬಿಗಿದಪ್ಪಿ, "ಕಣ್ಣು ತೆರಸಿದಿರಿ" ಎಂದು ಅತ್ತೇಬಿಟ್ಟರು. ಮೆಹಬೂಬಿ ಮಾತ್ರ ತನ್ನ ಬಾಗಿಲಲ್ಲಿ ನಿಂತು, ಏನೋ ಲೆಕ್ಕ ತಪ್ಪಿದವಳಂತೆ ಹುಬ್ಬು ಗಂಟಿಕ್ಕಿದ್ದಳು.

ಮಾಸ್ತರರು ಓಡುತ್ತ ಮನೆಗೆ ಬಂದು, "ಹಂಚು ಇಡು. ಹೋಳಿಗಿ ಆಗಲಿ" ಎಂದರು. ಶ್ರೀದೇವಿ ಹಸಿರು ಸೀರೆ ಉಟ್ಟಳು. ಜಮಖಾನೆ ಹಾಸಿದರು. ದೀಪ ಹಚ್ಚುವ ಹೊತ್ತಿಗೆ ರುದ್ರಮುನಿ ಒಬ್ಬನೇ ಬಂದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸೀರೆ, ಕುಪ್ಪಸದ ಖಣ, ತೆಂಗಿನಕಾಯಿ. ಮುಖ ಮಾತ್ರ ಮಳೆಗೆ ಸಿಕ್ಕ ಮೆಣಸಿನಕಾಯಿ ಚೀಲದಂತಿತ್ತು.

"ಹಿರ್ಯಾರು ಎಲ್ಲಿ ಅದಾರಪಾ?"

"ಅಪ್ಪ ಬ್ಯಾಡಗಿಗೆ ಫೋನ್ ಹಚ್ಚ್ಯಾನರಿ. ಅಲ್ಲಿ ಪರಿಚಯದವರ ಮನ್ಯಾಗ ಒಂದು ಗಂಡು ಐತಂತ, ಶ್ರೀದೇವಿಗೆ. ಅಣ್ಣತಮ್ಮಂದಿರೊಳಗ ಹೆಣ್ಣು ತರಾಕ ಬರೂದಿಲ್ಲಲ್ಲ. ಅವರ ಮಗಳು ಅಂದ್ರ ನಮ್ಮ ಮಗಳ ಆತು, ಲಗ್ನದ ಜವಾಬ್ದಾರಿ ನಂದು ಅಂದ."

ಮಾಸ್ತರರು ಜಮಖಾನೆಯ ಮೇಲೆ ಕುಸಿದರು. "ಅದೂ ಸುಳ್ಳೋ ರುದ್ರಮುನಿ. ಹೋಗಿ ಹೇಳು."

"ಹೇಳಿದೆರಿ. ಮತ್ತ ಮಾತು ತಿರುಗಿಸಿದ್ರ ಓಣಿ ಮತ್ತ ಒಡಿತದ, ಸುಮ್ಮನಿರು ಅಂದ. ಇದನ್ನ ಮನಿ ಮಗಳಿಗೆ ಅಂತ ಕೊಟ್ಟು ಕಳಿಸ್ಯಾನ." ಅವನು ತಟ್ಟೆ ಇಳಿಸಿ, ಬಗ್ಗಿ ಕಾಲು ಮುಟ್ಟಿದ. "ಬರ್ತೇನಿ, ಕಾಕಾ."

ಒಳಗಿನಿಂದ ಶ್ರೀದೇವಿ ಬಂದು ಬಾಗಿಲಿಗೆ ನಿಂತಳು. ತಟ್ಟೆ ನೋಡಿದಳು, ರುದ್ರಮುನಿಯನ್ನು ನೋಡಿದಳು. ಆಮೇಲೆ ಅಪ್ಪನ ಮೇಲಿಂದ ಕಣ್ಣು ಕೀಳದೆ ಅಂದಳು:

"ಕುಂದ್ರ ಅಣ್ಣಾ. ಹೋಳಿಗಿ ತಿಂದು ಹೋಗು."