ಬೋಣಿಗೆಯ ಬೂಟು

ಸೂರ್ಯಕಾಂತನಿಗೆ ದೇವರು ಎಲ್ಲ ಕೊಟ್ಟಿದ್ದ, ಗಾಡಿಯ ಮುಂದಿನ ಸೀಟೊಂದು ಬಿಟ್ಟು.

ವಯಸ್ಸು ನಲವತ್ತೆರಡು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮನೆ. ಸ್ಕೂಟಿ ಮಾತ್ರ ಹೆಂಡತಿ ಸುಜಾತಾಳದು. ಎಲುಬು ಕೀಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಮುಂದೆ ಕೂತು ಓಡಿಸಿದರೆ, ಎರಡು ಊಟದ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸೂರ್ಯಕಾಂತ ಹಿಂದೆ ಕೂರುತ್ತಿದ್ದ. ಕಲಬುರಗಿಗೆ ಈ ದೃಶ್ಯ ರೂಢಿಯಾಗಿತ್ತು. ರೂಢಿಯಾಗದ್ದು ಕಮಲಾಪುರದಲ್ಲಿದ್ದ ಅತ್ತೆಮನೆಯ ಓಣಿಗೆ. ಹೋದ ಸಲ ಅಲ್ಲಿಗೆ ಹೋದಾಗ ಕಟ್ಟೆಯ ಮೇಲಿನ ಮುದುಕಿಯೊಬ್ಬಳು ಕೂಗಿ ಹೇಳಿದ್ದಳು: "ಏ ಮಾನಮ್ಮಾ, ನಿನ್ನ ಮಗಳು ಗಂಡನ್ನ ಕರಕೊಂಡು ಬಂದಾಳ ನೋಡು!"

ಗಂಡ ಬಂದಾನ ಅಲ್ಲ, ಕರಕೊಂಡು ಬಂದಾಳ! ಸಂತೆಯಿಂದ ಬದನೆಕಾಯಿ ತಂದಂತೆ! ಆ ಮಾತು ಸೂರ್ಯಕಾಂತನ ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿತು. ಈಗ ನಾದಿನಿ ಸಪ್ನಾಳ ನಿಶ್ಚಿತಾರ್ಥ ಗೊತ್ತಾಗಿತ್ತು. ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ ಕಾರ್ಯಕ್ರಮ ಶುರು ಮಾಡಬೇಕಾದವನು ಮನೆಯ ಹಿರಿಯ ಅಳಿಯ, ಅಂದರೆ ಸಾಕ್ಷಾತ್ ಸೂರ್ಯಕಾಂತ. ಅಂದು ತಾನೇ ಮೋಟರ್‌ಸೈಕಲ್ ಓಡಿಸುತ್ತ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಆ ಓಣಿಯನ್ನು ಪ್ರವೇಶಿಸುವುದಾಗಿ ಅವನು ಭೀಷ್ಮಪ್ರತಿಜ್ಞೆ ಮಾಡಿದ. ಸಹೋದ್ಯೋಗಿಯೊಬ್ಬನಿಂದ ಹಳೆಯ ಮೋಟರ್‌ಸೈಕಲ್ ಒಂದನ್ನು ಕೊಂಡು, ಎಲ್ ಬೋರ್ಡ್ ಅಂಟಿಸಿದ್ದೂ ಆಯಿತು.

ಕಲಿಸುವ ಗುರು ಯಾರು? ಗೇರಿನ ಗಾಡಿಯ ಲೈಸೆನ್ಸ್ ಮನೆಯಲ್ಲಿ ಒಬ್ಬರ ಹತ್ತಿರ ಮಾತ್ರ ಇತ್ತು. (ಯಾರ ಹತ್ತಿರ ಎಂದು ಕೇಳಿ ಅವನ ಹೊಟ್ಟೆ ಉರಿಸಬೇಡಿ.)

ಮೊದಲ ದಿನ ಶಿಷ್ಯ ಹವಾಯಿ ಚಪ್ಪಲಿಯಲ್ಲಿ ಮೈದಾನಕ್ಕೆ ಬಂದ. ಗೇರು ಹಾಕಲು ಕಾಲು ಒತ್ತಿದ, ಗಾಡಿ ಮುಂದೆ ಹೋಯಿತು, ಚಪ್ಪಲಿ ಹಿಂದೆ ಉಳಿಯಿತು. ಸುಜಾತಾ ಕೀಲಿ ಕಸಿದುಕೊಂಡಳು.

"ಬೂಟಿಲ್ದ ಗಾಡಿ ಇಲ್ಲ. ದಿನಾ ಆಸ್ಪತ್ರಿಯಾಗ ಪ್ಲಾಸ್ಟರ್ ಹಾಕೋ ಕಾಲೆಲ್ಲಾ ಚಪ್ಪಲಿ ಕಾಲೇ ಅವ. ಹಿಮ್ಮಡ, ಕಣಕಾಲು ಪೂರಾ ಮುಚ್ಚಬೇಕು, ಮುಂದಿನ ತುದಿ ಗಟ್ಟಿ ಇರಬೇಕು, ತಳ ಜಾರಬಾರ್ದು. ಲೇಸು ಜೋತಾಡಿದ್ರ ಗೇರಿಗೆ ಸಿಗತದ, ಅದೂ ಬ್ಯಾಡ. ಮತ್ತ ಇನ್ನೊಂದು, ಕೇಳಾಕತ್ತೀರಿಲ್ಲೋ?"

"ಕೇಳಾಕತ್ತೀನಿ ಮಹಾರಾಯ್ತಿ."

"ಸಂಜೀಕ ಹೋಗಿ ತಗೋರಿ, ದಪ್ಪ ಕಾಲುಚೀಲ ಹಾಕ್ಕೊಂಡು. ಮುಂಜಾನಿ ಕಾಲು ಬ್ಯಾರೆ, ಸಂಜೀ ಕಾಲು ಬ್ಯಾರೆ. ಸಂಜಿ ಆದಂಗ ಕಾಲು ಉಬ್ಬತಾವ."

ಇಷ್ಟು ಹೇಳಿ ಪಾದರಕ್ಷಾ ಸಂಹಿತೆಯನ್ನು ಮುಗಿಸಿದಳು. ಸೂರ್ಯಕಾಂತ ದೊಡ್ಡ ಅಂಗಡಿಗೆ ಹೋಗಿ ಮೋಟರ್‌ಸೈಕಲ್ ಸವಾರರ ಬೂಟಿನ ಬೆಲೆ ಕೇಳಿದ. ಏಳು ಸಾವಿರ! ಮೂಗಿಗಿಂತ ಮೂಗುತಿ ಭಾರ ಎಂದುಕೊಂಡು ಮೆಟ್ಟಿಲಿಳಿದ. ಮಳೆಗಾಲದ ರಬ್ಬರ್ ಬೂಟು ಹಾಕಿ ನೋಡಿದ. ಅಗ್ಗವೇನೋ ಹೌದು, ಆದರೆ ಹೆಜ್ಜೆಗೊಮ್ಮೆ 'ಪಚಕ್' ಎನ್ನುತ್ತಿತ್ತು. ಕೊನೆಗೆ ಕಾರ್ಖಾನೆಯ ಕೆಲಸಗಾರರು ಹಾಕುವ, ತುದಿಗೆ ಕಬ್ಬಿಣದ ತಗಡು ಇರುವ ಬೂಟೇ ಸರಿ ಎಂದು ತಿಳಿದವರೊಬ್ಬರು ಹೇಳಿದರು. ಸೂಪರ್ ಮಾರ್ಕೆಟಿನಲ್ಲಿ ಆಮಿರ್ ಎಂಬವನ ಅಂಗಡಿಯಲ್ಲಿ ಸಿಗುತ್ತದಂತೆ.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ಸೂರ್ಯಕಾಂತ ಬುದ್ಧಿವಂತ. ಬುದ್ಧಿವಂತರಿಗೇ ಇಂಥ ಯೋಚನೆ ಹೊಳೆಯುವುದು. ಸಂಜೆ ಹೋದರೆ ಜನಜಂಗುಳಿ, ಹೇಳಿದ ರೇಟು ಕೊಟ್ಟು ಬರಬೇಕು. ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋದರೆ? ದಿನದ ಮೊದಲ ಗಿರಾಕಿಯನ್ನು ಯಾವ ವ್ಯಾಪಾರಿಯೂ ಬರಿಗೈಯಲ್ಲಿ ಕಳಿಸುವುದಿಲ್ಲ. ಬೋಣಿಗೆ ಕೈತಪ್ಪಿದರೆ ದಿನವಿಡೀ ಗಲ್ಲಾಪೆಟ್ಟಿಗೆ ಮುನಿಸಿಕೊಳ್ಳುತ್ತದೆ. ಆದ್ದರಿಂದ ಮರುದಿನ ಆಮಿರ್ ಶಟರ್ ಎತ್ತಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಸೂರ್ಯಕಾಂತ ಒಳಗೆ ಕೂತಿದ್ದ.

"ಎಂಟು ನಂಬರ್ ಹದಿನಾಲ್ಕು ನೂರು, ಸಾಬ್. ಇದು ಏಳು ನಂಬರ್, ಕಡೀ ಪೀಸ್, ಒಂಬೈನೂರಕ್ಕ ಕೊಡ್ತೀನಿ. ಆದ್ರ ನಿಮಗ ಟೈಟ್ ಆಗ್ತದ."

ಲೇಸಿಲ್ಲದ, ಪಕ್ಕದಲ್ಲಿ ಎಲಾಸ್ಟಿಕ್ ಪಟ್ಟಿ ಇರುವ, ಎಳೆದು ಹಾಕಿಕೊಳ್ಳುವ ಬೂಟು ಅದು. ರಾತ್ರಿಯಿಡೀ ವಿಶ್ರಾಂತಿ ಪಡೆದು ಬಂದಿದ್ದ ಸೂರ್ಯಕಾಂತನ ಕಾಲು ಸ್ವಲ್ಪ ಗೊಣಗಿ ಒಳಗೆ ಹೋಯಿತು. "ಆರುನೂರು," ಎಂದ.

"ಸಾಬ್, ನನ್ನ ಮಾತು ಕೇಳ್ರಿ, ಎಂಟು ನಂಬರ್..."

"ಬೋಣಿ ಟೈಮದಾಗ ಇಲ್ಲ ಅನ್ನಬ್ಯಾಡ ತಮ್ಮಾ."

ಆಮಿರ್ ಮೇಲೆ ನೋಡಿ, ಏಳುನೂರಕ್ಕೆ ಒಪ್ಪಿ, ನೋಟನ್ನು ಕಣ್ಣಿಗೊತ್ತಿಕೊಂಡ. ಸೂರ್ಯಕಾಂತ ಹಿಗ್ಗಿ ಹೀರೇಕಾಯಿಯಾದ.

"ಸಂಜೀಕೇ ತಗೊಂಡ್ರಿಲ್ಲೋ?" ಎಂದು ಸುಜಾತಾ ಕೇಳಿದಾಗ "ಮತ್ತೇನು!" ಎಂದುಬಿಟ್ಟ. ಸುಳ್ಳು ಬಯಲಾಗುವ ಭಯವಿರಲಿಲ್ಲ, ಏಕೆಂದರೆ ಪಾಠವೆಲ್ಲ ಬೆಳಗಿನ ಆರರಿಂದ ಏಳರವರೆಗೆ. ಆ ತಂಪು ಹೊತ್ತಿನಲ್ಲಿ ಕಾಲೂ ಬೂಟೂ ಅಣ್ಣತಮ್ಮಂದಿರಂತೆ ಹೊಂದಿಕೊಂಡಿದ್ದವು. ಮೂರು ವಾರದಲ್ಲಿ ಅವನು ನಿಜಕ್ಕೂ ಚೆನ್ನಾಗಿ ಕಲಿತ. ಎರಡು ಸಲ ಗಾಡಿ ಕಾಲಿನ ಮೇಲೆ ವಾಲಿದಾಗ ಬೂಟು ಅವನ ಬೆರಳುಗಳನ್ನು ಉಳಿಸಿತು ಎಂಬುದನ್ನೂ ಹೇಳಲೇಬೇಕು.

ನಿಶ್ಚಿತಾರ್ಥದ ದಿನ ಬಂತು. ಮೇ ತಿಂಗಳು. "ಆರಕ್ಕೇ ಹೊರಡೋಣ, ಬಿಸಿಲು ಏರತದ," ಎಂದಳು ಸುಜಾತಾ. ಆರಕ್ಕೆ ಹೊರಟರೆ ಓಣಿಯ ಜನ ಎದ್ದಿರುತ್ತಾರೆಯೇ? ನೋಡುವವರಿಲ್ಲದ ಮೆರವಣಿಗೆ ಯಾತಕ್ಕೆ? ಅಂಗಿಗೆ ಇಸ್ತ್ರಿ, ಮೀಸೆಗೆ ಕತ್ತರಿ ಎಂದು ಅವನು ಒಂಬತ್ತೂವರೆ ಮಾಡಿದ. ಹುಮನಾಬಾದ್ ರಸ್ತೆಯಲ್ಲಿ ಗಂಟೆಗೆ ಮೂವತ್ತರ ಗಜಗಮನ. ಮೇಲೆ ಸೂರ್ಯ, ಕೆಳಗೆ ಇಂಜಿನ್, ನಡುವೆ ದಪ್ಪ ಕಾಲುಚೀಲ. ಅರ್ಧ ದಾರಿಯಲ್ಲಿ ಬೆರಳುಗಳು ಒಂದರ ಮೇಲೊಂದು ಹತ್ತತೊಡಗಿದಂತೆ ಅನಿಸಿತು. ಹಲ್ಲು ಕಚ್ಚಿ ಸಹಿಸಿಕೊಂಡ.

ಆದರೆ ಆ ಪ್ರವೇಶ! ಓಣಿ ಪೂರ್ತಿ ನೋಡಿತು. ಕಟ್ಟೆಯ ಮುದುಕಿ ಬಾಯಿ ಬಿಟ್ಟಳು. ಸುಜಾತಾಳ ತಮ್ಮ ಗೌತಮ ಸೀಟಿ ಹೊಡೆದ. "ವ್ಹಾ ಮಾಮಾ! ಹೀರೋ ಕಂಡಂಗ ಕಾಣಾಕತ್ತೀರಿ!" ಅತ್ತೆ ಮಾನಮ್ಮ ಕಾಲಿಗೆ ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಆ ಒಂದು ನಿಮಿಷ ಸೂರ್ಯಕಾಂತ ನಿಜವಾಗಿ ಸುಖಿಯಾಗಿದ್ದ.

ಮನೆಯ ಕಟ್ಟೆಯ ಮೇಲೆ ಕೂತು ಬೂಟು ಎಳೆದ. ಬರಲಿಲ್ಲ. ಇನ್ನೊಂದನ್ನು ಎಳೆದ. ಅದೂ ಬರಲಿಲ್ಲ. ಗೌತಮ ಬಂದು ಹಿಡಿದು ಜಗ್ಗಿದ. ಬೂಟಿನ ಬದಲು ಅಳಿಯನೇ ಕಟ್ಟೆಯಿಂದ ಕೆಳಗೆ ಬಂದ. ಕೊಬ್ಬರಿ ಎಣ್ಣೆ ಹಾಕಿದರು, ಸೋಪಿನ ನೀರು ಹಾಕಿದರು. ಎಳೆಯುವವರ ಕೈ ಜಾರಿತೇ ಹೊರತು ಬೂಟು ಜಾರಲಿಲ್ಲ.

"ಹಂಗೇ ಒಳಗ ಬರ್ಲೇನ್ರಿ, ಅತ್ತೀ?" ಎಂದು ಮೆಲ್ಲಗೆ ಕೇಳಿದ.

"ಬೂಟು ಹಾಕ್ಕೊಂಡು ಬುದ್ಧನ ಮುಂದ? ಮಂದಿ ಏನಂತಾರ, ಅಳಿಯಂದ್ರ!" ಎಂದ ಮಾನಮ್ಮ ಅವನ ಕೈಗೊಂದು ಕೆಂಪು ಬಾಳೆಹಣ್ಣು ಕೊಟ್ಟು ಒಳಗೆ ಹೋದರು.

ಅಷ್ಟರಲ್ಲಿ ಬೀಗರು ಬಂದರು. ಬಾಗಿಲ ಪಕ್ಕ ಚಪ್ಪಲಿಗಳ ರಾಶಿ, ರಾಶಿಯ ಪಕ್ಕ ಭಾರೀ ಬೂಟು ಹಾಕಿ ಕೂತ ಸೂರ್ಯಕಾಂತ. ವರನ ದೊಡ್ಡಪ್ಪ ತನ್ನ ಹೊಸ ಚಪ್ಪಲಿಗಳನ್ನು ಅವನ ಮುಂದೆ ಬಿಟ್ಟು, "ಚಪ್ಪಲಿಗೆ ವಾಚ್‌ಮನ್ ಇಟ್ಟಾರ. ಭಾಳ ಚಲೋ ಮಾಡ್ಯಾರ. ಜರಾ ನೋಡ್ಕೋ ತಮ್ಮಾ," ಎಂದು ಒಳಗೆ ಹೋದ. ಸೂರ್ಯಕಾಂತ ಬಾಳೆಹಣ್ಣನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ, ಬೇರೆ ಏನಾದರೂ ಹೊರಗೆ ಬಂದೀತೆಂದು.

ಸುಜಾತಾ ಬಂದಳು. ರೋಗಿಯ ಕಾಲಿನಂತೆ ಅವನ ಕಾಲು ಒತ್ತಿ ನೋಡಿದಳು.

"ಖರೆ ಹೇಳ್ರಿ. ಬೂಟು ಯಾವಾಗ ತಗೊಂಡ್ರಿ?"

"ಮುಂಜಾನಿ."

"ಯಾಕ?"

"ಬೋಣಿ ಇತ್ತಲ್ಲ..."

ಒಳಗಿನಿಂದ ಮಾನಮ್ಮನ ದನಿ ಕೇಳಿತು: "ಸೋವಿ ಅಂತ ಮುಗ್ಗಿದ ಜ್ವಾಳ ತಂದಂಗಾತು!"

ಸುಜಾತಾ ಬ್ಯಾಗಿನಿಂದ ಬ್ಯಾಂಡೇಜ್ ಕತ್ತರಿ ತೆಗೆದಳು. "ಕಾಲು ಮ್ಯಾಲ ಮಾಡಿ ಒಂದು ತಾಸು ಮಲಗಿದ್ರ ಬಾವು ಇಳೀತದ, ಬೂಟು ಉಳೀತದ. ಇಲ್ಲಾಂದ್ರ ಈಗೇ ಕತ್ತರಿಸಬೇಕು. ಏನ್ ಮಾಡ್ಲಿ?"

"ತಾಸು ಮಲಗತೀನಿ," ಎಂದ ಸೂರ್ಯಕಾಂತ ತಟ್ಟನೆ. ಏಳುನೂರು ರೂಪಾಯಿ! "ಮೇಣಬತ್ತಿ ಗೌತಮ ಹಚ್ಚಲಿ."

ಆಗ ಒಳಗಿನಿಂದ ಸಪ್ನಾಳ ದನಿ ಬಂತು. ಬೀಗರ ಮುಂದೆ ತುಟಿ ಬಿಚ್ಚಬಾರದ ಹುಡುಗಿ ಗಟ್ಟಿಯಾಗಿಯೇ ಹೇಳಿದಳು: "ಮಾಮಾನೇ ಹಚ್ಚಬೇಕು. ಅವರು ಬರೋತನಾ ನಾ ಹಿಂಗೇ ಕೂಡ್ತೀನಿ."

ಎಂಟು ವರ್ಷದವಳಿದ್ದಾಗ ಅಕ್ಕನ ಮದುವೆಯಲ್ಲಿ ಸೂರ್ಯಕಾಂತನ ಬೆರಳು ಹಿಡಿದು ಓಡಾಡಿದ ಹುಡುಗಿ. ಅವನು ಕಣ್ಣು ಮುಚ್ಚಿ ಎರಡೂ ಕಾಲು ಚಾಚಿದ. "ಕತ್ತರಿಸು."

ಎಲಾಸ್ಟಿಕ್ ಪಟ್ಟಿಗಳು ಕರಕರ ಕತ್ತರಿಸಿಹೋದವು. ಕೆಂಪಗೆ ಉಬ್ಬಿದ ಕಾಲುಗಳಿಗೆ ಮಾನಮ್ಮನೇ ನೀರು ಹಾಕಿದರು. ಕುಂಟುತ್ತ ಒಳಗೆ ಹೋಗಿ ಸೂರ್ಯಕಾಂತ ಮೇಣದಬತ್ತಿ ಹಚ್ಚಿದ. ಸಪ್ನಾ ನಕ್ಕಳು. ವರನ ದೊಡ್ಡಪ್ಪ ಮಾತ್ರ, "ಅಲ್ಲಾ, ವಾಚ್‌ಮನ್ ಕೈಲೇ ಯಾಕ ಹಚ್ಚಿಸಾಕತ್ತಾರ?" ಎಂದು ಪಕ್ಕದವರನ್ನು ಕೇಳಿದ.

ಸಾಯಂಕಾಲ ಹೊರಡುವಾಗ ಗೌತಮನ ಚಪ್ಪಲಿ ಮೆಟ್ಟಿ ಅವನು ಮುಂದಿನ ಸೀಟಿನತ್ತ ಹೋದ. ಸುಜಾತಾ ಕೈ ಚಾಚಿದಳು. ಚಪ್ಪಲಿಯನ್ನು ಒಮ್ಮೆ ನೋಡಿದಳಷ್ಟೆ. ಕೀಲಿ ಅವಳ ಕೈಗೆ ಹೋಯಿತು. ಗಾಡಿ ಓಣಿ ದಾಟುವಾಗ ಕಟ್ಟೆಯ ಮುದುಕಿಗೆ ಸಮಾಧಾನವಾದಂತಿತ್ತು. "ಏ ಮಾನಮ್ಮಾ, ಮಗಳು ಗಂಡನ್ನ ಕರಕೊಂಡು ಹೊಂಟಾಳ ನೋಡು!"

ಕಲಬುರಗಿ ತಲುಪಿದ ಮೇಲೆ ಸುಜಾತಾ ಮನೆಯ ಕಡೆ ತಿರುಗದೆ ಸೂಪರ್ ಮಾರ್ಕೆಟಿಗೆ ಬಂದು ಆಮಿರ್ ಅಂಗಡಿಯ ಮುಂದೆ ನಿಲ್ಲಿಸಿದಳು. "ಈಗ ನೋಡ್ರಿ, ಇದು ಸಂಜೀ ಕಾಲು," ಎಂದಳು. ಎಂಟು ನಂಬರಿನ ಬೂಟು ಅಳತೆ ತೆಗೆದು ಹೊಲಿದಂತೆ ಕೂತಿತು. ಸೂರ್ಯಕಾಂತ ಅಭ್ಯಾಸಬಲದಿಂದ, "ಏಳುನೂರು ಮಾಡ್ಕೋ ತಮ್ಮಾ," ಎಂದ.

ಆಮಿರ್ ಅವನ ಗುರುತು ಹಿಡಿದು, ಬಹಳ ವಿನಯದಿಂದ ಕೈಮುಗಿದ.

"ಹದಿನಾಲ್ಕು ನೂರು, ಸಾಬ್. ಬೋಣಿ ಮುಂಜಾನೀನೇ ಆಗ್ಯದ."