ಘೋಷಕರ ಎದೆಯುರಿಗೆ ಒಪ್ಪಿತ ಔಷಧಿ

ಕೇಂದ್ರ ಬಸ್ ನಿಲ್ದಾಣದ ಘೋಷಕರಿಗೆ ಎದೆಯುರಿ ಇರುವುದು ಸಾರ್ವಜನಿಕ ಹಿತಕ್ಕೆ ಅನುಕೂಲ ಎಂಬುದನ್ನು ಸಾರಿಗೆ ಸಂಸ್ಥೆಯು ಸುದೀರ್ಘ ಸಮಾಲೋಚನೆಯ ನಂತರ ಒಪ್ಪಿಕೊಂಡಿದೆ. ಈ ತೀರ್ಮಾನಕ್ಕೆ ಬಂದದ್ದು ಹೇಗೆ ಎಂದು ಹೊರಗಿನ ಕೆಲವರು ಕೇಳುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ಹೇಳಲಾಗಿದೆ.

ಘೋಷಕರನ್ನು ನಿಲ್ದಾಣದಲ್ಲಿ ಎಲ್ಲರೂ ಮೈಕಣ್ಣ ಎನ್ನುತ್ತಾರೆ. ಮೇಲ್ಮಹಡಿಯ ಗಾಜಿನ ಕೋಣೆಯಲ್ಲಿ ಒಂದು ಮೈಕು, ಒಂದು ಫೋನು ಮತ್ತು ಕಾಲು ಅಲ್ಲಾಡುವ ಒಂದು ಕುರ್ಚಿ ಇವೆ. ಅಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾವುದು ಬರುವುದೇ ಇಲ್ಲ ಎಂದು ಹೇಳುವುದು ಅವರ ಕೆಲಸ. ಮೊದಲನೆಯದನ್ನು ಹೇಳುವ ಸಂದರ್ಭ ಅಪರೂಪಕ್ಕೆ ಬರುತ್ತಿತ್ತು. ಮೈಕಣ್ಣನವರ ಮೂಲ ದನಿ ಬಹಳ ತಿಳಿ. ಮೀಸೆ ನರೆತ ಮೇಲೂ, ಅವರು ಮನೆಯ ಫೋನೆತ್ತಿದರೆ ಆಚೆ ಕಡೆಯವರು "ಅಪ್ಪ ಇದ್ರೆ ಕರಿಯಪ್ಪ" ಎನ್ನುತ್ತಿದ್ದರು.

ಆ ಕಾಲದಲ್ಲಿ ನಿಲ್ದಾಣ ಬಹಳ ಗಲಾಟೆಯ ಜಾಗವಾಗಿತ್ತು. ತಡದ ಘೋಷಣೆ ಆದ ಕೂಡಲೇ ಜನ ವಿಚಾರಣೆಯ ಕಿಟಕಿಗೆ ಮುತ್ತಿಗೆ ಹಾಕುತ್ತಿದ್ದರು. ಕಿಟಕಿಯ ಒಳಗಿದ್ದ ನೌಕರಳನ್ನು ಎಲ್ಲರೂ ವಿಚಾರಣೆ ಅಕ್ಕ ಎಂದು ಕರೆಯುತ್ತಿದ್ದುದು ಪ್ರೀತಿಯಿಂದಲ್ಲ. ಆಕೆ ಊಟದ ಡಬ್ಬಿಯನ್ನು ಕೌಂಟರಿನ ಕೆಳಗೆ ಕೂತು ಮುಗಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಹೊತ್ತುಗೊತ್ತಿಲ್ಲದ ಊಟ, ಎರಡು ಘೋಷಣೆಗಳ ನಡುವೆ ಗಟಗಟನೆ ಕುಡಿಯುವ ಕಾಫಿ, ತಿಂದ ಕೈ ಆರುವ ಮೊದಲೇ ಮನೆಯಲ್ಲಿ ಹಾಸಿಗೆ. ಮೈಕಣ್ಣನವರಿಗೆ ಹುಳಿತೇಗು ಶುರುವಾಯಿತು. ಮೊದಮೊದಲು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದದ್ದು ಆಮೇಲೆ ಅಲ್ಲೇ ಬಿಡಾರ ಹೂಡಿತು. ಹೊಟ್ಟೆಯ ಹುಳಿನೀರು ಗಂಟಲವರೆಗೆ ಏರಿ ಏರಿ, ದನಿ ಒರಟಾಗಿ, ಕೆಳಗಿಳಿದು, ಸಾವಿನ ಮನೆಯಿಂದ ಈಗಷ್ಟೇ ಎದ್ದು ಬಂದವರ ದನಿಯಂತಾಯಿತು.

ಪರಿಣಾಮವನ್ನು ಮೊದಲು ಗಮನಿಸಿದವಳು ವಿಚಾರಣೆ ಅಕ್ಕ. ಕಿಟಕಿಗೆ ಜಗಳಕ್ಕೆ ಬರುವವರೇ ಕಡಿಮೆಯಾಗಿಬಿಟ್ಟಿದ್ದರು. "ಬಸ್ಸು ತಡವಾಗಿ ಬರಲಿದೆ, ವಿಷಾದಿಸುತ್ತೇವೆ" ಎಂಬ ಮಾತನ್ನು ಸಂಸ್ಥೆ ಹುಟ್ಟಿದಂದಿನಿಂದ ಹೇಳುತ್ತಲೇ ಬಂದಿತ್ತು. ಜನ ಅದನ್ನು ನಂಬಿದ್ದು ಅದೇ ಮೊದಲು. ಬೆಂಚಿನ ಮೇಲಿದ್ದವರು ತಲೆತಗ್ಗಿಸಿ ಕೇಳಿ, ನಿಟ್ಟುಸಿರು ಬಿಟ್ಟು, ಮತ್ತೆ ಕೂರುತ್ತಿದ್ದರು. ಪಾಪ ಆ ಮನುಷ್ಯನಿಗೆ ಎಷ್ಟು ಸಂಕಟವಾಗಿದೆಯೋ ಎಂದು ಒಬ್ಬ ತಾಯಿ ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಮೇಲಕ್ಕೆ ಕಳಿಸಿದರು. ಮೈಕಣ್ಣ ಕೊಟ್ಟವರ ಮನಸ್ಸು ನೋಯಬಾರದೆಂದು ಕುಡಿದರು. ಅಂದು ಸಂಜೆಯ ಘೋಷಣೆಗಳು ಇನ್ನೂ ಮನಮುಟ್ಟುವಂತಿದ್ದವು.

ನಿಲ್ದಾಣದ ವ್ಯವಸ್ಥಾಪಕರಿಗೆ ಸುತ್ತೋಲೆ ಸಾಹೇಬರು ಎಂದು ಹೆಸರು; ಗಾಳಿ ಜೋರಾಗಿ ಬೀಸಿದರೂ ಅವರೊಂದು ಸುತ್ತೋಲೆ ಹೊರಡಿಸುತ್ತಿದ್ದರು. ದೂರುಗಳು ಇಳಿದದ್ದು ತಮ್ಮ ಶಿಸ್ತಿನ ಆಡಳಿತದಿಂದ ಎಂದು ಅವರು ಪ್ರಧಾನ ಕಚೇರಿಗೆ ಬರೆದರು. ಕಚೇರಿ ಅವರಿಗೆ ಪ್ರಶಂಸಾಪತ್ರ ಕಳಿಸಿತು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಇತ್ತ ಮೈಕಣ್ಣನವರ ಸ್ಥಿತಿ ಕೆಟ್ಟಿತ್ತು. ಮಲಗಿದರೆ ಎದೆಯಲ್ಲಿ ಕೆಂಡ. ಗೋಡೆಗೆ ಒರಗಿ, ಬೆನ್ನಿಗೆ ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಒಂದು ದಿನ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಗಂಡನ ತೋಳು ಹಿಡಿದು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಗಂಟಲೊಳಗೆ ನೋಡಿದರು, ತಿನ್ನುವುದು ಮಲಗುವುದು ಎಲ್ಲ ಕೇಳಿದರು. ಆಮೇಲೆ ದಾರಿಗಳನ್ನು ಬಿಡಿಸಿ ಹೇಳಿದರು. ಬಾಟಲಿಯ ಗುಲಾಬಿ ಬಣ್ಣದ ಔಷಧಿ ಕುಡಿದ ತಕ್ಷಣ ತಂಪು, ಆದರೆ ಸ್ವಲ್ಪ ಹೊತ್ತಿಗೆಲ್ಲ ಉರಿ ವಾಪಸು. ಮಲಗುವ ಮುಂಚಿನ ಮಾತ್ರೆಯೊಂದಿದೆ, ಆಮ್ಲವನ್ನು ಒಂದಿಷ್ಟು ತಗ್ಗಿಸುತ್ತದೆ, ದಿನಾ ತೆಗೆದುಕೊಳ್ಳುತ್ತಾ ಹೋದರೆ ಮೈ ಅದಕ್ಕೆ ಒಗ್ಗಿ, ಆಮೇಲೆ ನಾಟುವುದಿಲ್ಲ. ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗುವ ಕ್ಯಾಪ್ಸೂಲು ಆಮ್ಲ ಹುಟ್ಟುವಲ್ಲೇ ಅದನ್ನು ತಡೆಯುತ್ತದೆ. ಗುಣ ಕಾಣಲು ತಾಳ್ಮೆ ಬೇಕು, ಹಾಗೆಂದು ಡಾಕ್ಟರನ್ನು ಕೇಳದೆ ವರ್ಷಗಟ್ಟಲೆ ನುಂಗುತ್ತಲೂ ಇರಬಾರದು.

ಇವುಗಳಲ್ಲಿ ಕೆಲಸಕ್ಕೆ ತೊಂದರೆ ಕೊಡದಿರುವುದು ಯಾವುದು ಎಂದು ಮೈಕಣ್ಣ ವಿಚಾರಿಸಿದರು.

"ಕೆಲಸ ಆಮೇಲೆ. ಗಂಟಲು ಒಳಗೆ ಸುಟ್ಟ ಹಾಗಾಗಿದೆ ನೋಡಿ," ಎಂದರು ಡಾಕ್ಟರಮ್ಮ. "ನಿಮಗೆ ಕ್ಯಾಪ್ಸೂಲೇ ಸರಿ. ಒಂದು ದಿನಾನೂ ತಪ್ಪಿಸಬೇಡಿ. ಮಂಚದ ತಲೆ ಕಡೆ ಸ್ವಲ್ಪ ಎತ್ತರ ಮಾಡ್ಕೊಳ್ಳಿ. ಊಟ ಆದ ತಕ್ಷಣ ಮಲಗಬೇಡಿ."

ಮೈಕಣ್ಣ ಹೇಳಿದ್ದನ್ನು ಮಾಡುವ ಮನುಷ್ಯ. ಮೊದಲು ಉರಿ ತಗ್ಗಿತು, ಆಮೇಲೆ ಬೆನ್ನು ಹಾಸಿಗೆ ಕಂಡಿತು, ತಡವಾಗಿಯಾದರೂ ದನಿ ಮರಳಿತು. ಒಂದು ಬೆಳಗ್ಗೆ ಬಚ್ಚಲಲ್ಲಿ ಅವರು ಏನೋ ಗುನುಗಿಕೊಂಡಾಗ ಹೆಂಡತಿ ಯಂತ್ರ ತುಳಿಯುವ ಕಾಲನ್ನು ತಡೆದು, ನೀರಿನ ಸದ್ದು ನಿಲ್ಲುವವರೆಗೂ ಕೇಳುತ್ತಾ ಕೂತಿದ್ದಳು. ಮದುವೆಯಾದ ಹೊಸತರಲ್ಲಿ ಕೇಳಿದ ದನಿ ಅದು.

ಅದೇ ದಿನ ನಿಲ್ದಾಣದಲ್ಲಿ ಗಲಭೆಯಾಯಿತು.

ಮೂರು ಬಸ್ಸುಗಳು ರದ್ದಾಗಿರುವುದನ್ನು ಮೈಕಣ್ಣ ತಮ್ಮ ತಿಳಿಯಾದ ದನಿಯಲ್ಲಿ ಪ್ರಕಟಿಸಿದ್ದರು. ಗಂಟು ಹೊತ್ತ ಮುದುಕರೊಬ್ಬರು ನೇರ ಕಿಟಕಿಗೆ ಬಂದು, ಬಸ್ಸಿಲ್ಲದ್ದು ಹಾಳಾಗಿ ಹೋಗಲಿ, ಅವನು ನಗುವುದೇಕೆ ಎಂದು ಕೇಳಿದರು. ಅವರ ಹಿಂದೆ ಸಾಲು ಬೆಳೆಯಿತು. ವಿಚಾರಣೆ ಅಕ್ಕ ಡಬ್ಬಿಯೊಂದಿಗೆ ಕೌಂಟರಿನ ಕೆಳಗಿಳಿದಳು.

ಮೈಕಣ್ಣ ಬೇಕೆಂದೇ ದನಿ ಒರಟು ಮಾಡಿ ಹೇಳಿ ನೋಡಿದರು. ಜನಕ್ಕೆ ಗೊತ್ತಾಗಿಹೋಯಿತು. ಮಿಮಿಕ್ರಿ ಮಾಡ್ತಾನೆ ಎಂದು ಕೆಳಗಿನಿಂದ ಯಾರೋ ಕೂಗಿದರು. ಅಸಲಿ ಎದೆಯುರಿಗೆ ಬದಲಿಯಿಲ್ಲ ಎಂಬುದು ಹೀಗೆ ರುಜುವಾತಾಯಿತು.

ಮರುದಿನವೇ ಸುತ್ತೋಲೆ ಬಂತು: "ಘೋಷಕರ ದನಿಯು ಬಸ್ಸಿನ ಸ್ಥಿತಿಗತಿಗೆ ಅನುಗುಣವಾಗಿರತಕ್ಕದ್ದು. ಬಾರದ ಬಸ್ಸನ್ನು ಆರೋಗ್ಯವಂತ ದನಿಯಲ್ಲಿ ಪ್ರಕಟಿಸುವುದನ್ನು ಪ್ರಯಾಣಿಕರ ಅಣಕವೆಂದು ಪರಿಗಣಿಸಲಾಗುವುದು." ದನಿ ತಿಳಿಯಾದದ್ದು ಕ್ಯಾಪ್ಸೂಲಿನಿಂದ ಎಂಬುದು ಅಷ್ಟರಲ್ಲಿ ಗೊತ್ತಾದದ್ದರಿಂದ, ಇದರ ಜೊತೆಗೆ ಔಷಧಿ ಆಯ್ಕೆ ಸಮಿತಿಯೊಂದು ರಚನೆಯಾಯಿತು. ಸುತ್ತೋಲೆ ಸಾಹೇಬರು ಅಧ್ಯಕ್ಷರು. ಬಾಧಿತರ ಪರವಾಗಿ ವಿಚಾರಣೆ ಅಕ್ಕ. ತಾಂತ್ರಿಕ ಸದಸ್ಯರಾಗಿ ಟೈರು ಉಗ್ರಾಣದ ಅಧಿಕಾರಿ. ಅವರಿಗೂ ಆಗಾಗ ತೇಗು ಬರುತ್ತಿತ್ತು. ಡಾಕ್ಟರಮ್ಮನವರು ವಿಶೇಷ ಆಹ್ವಾನಿತರು, ಅಂದರೆ ಅವರು ಮಾತಾಡಬಹುದು, ಉಳಿದವರು ಕೇಳಬೇಕಾಗಿಲ್ಲ.

ನೌಕರನಿಗೆ ಉರಿಯಬಾರದು, ಆದರೆ ಹಾಗೆ ಜನರಿಗೆ ತಿಳಿಯಲೂಬಾರದು. ಅಂಥ ಔಷಧಿ ಬೇಕು ಎಂದು ಅಧ್ಯಕ್ಷರು ಉದ್ದೇಶ ವಿವರಿಸಿದರು. ಅಂಥದ್ದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಬರೆದುಕೊಳ್ಳಲಾಯಿತು. ವಿಚಾರಣೆ ಅಕ್ಕ, ಮೈಕಣ್ಣನ ಮೇಲೆ ತನಗೇನೂ ಕೋಪವಿಲ್ಲ, ಒಮ್ಮೆ ಕುರ್ಚಿ ಮೇಲೆ ಕೂತು ಉಂಡವರಿಗೆ ಮತ್ತೆ ನೆಲದ ಮೇಲೆ ಉಣ್ಣುವುದು ಕಷ್ಟ ಎಂದಷ್ಟೇ ಹೇಳಿದಳು. ಕೊನೆಗೆ ಗಂಟು ಬಿಡಿಸಿದವರು ಟೈರು ಉಗ್ರಾಣದವರು.

"ಪಂಕ್ಚರ್ ಹಾಕೋದು ಬೇರೆ, ಟೈರೇ ಬದಲಾಯಿಸೋದು ಬೇರೆ ಸಾರ್. ಬಾಟ್ಲಿ ಅನ್ನೋದು ಪಂಕ್ಚರ್. ಕ್ಯಾಪ್ಸೂಲು ಹೊಸ ಟೈರು. ನಮ್ಮ ಸಂಸ್ಥೇಲಿ ಹೊಸ ಟೈರು ಹಾಕಿದ್ದು ನಾನಂತೂ ನೋಡಿಲ್ಲ."

ಬಾಟಲಿಯನ್ನು ಘೋಷಕರ ಅಧಿಕೃತ ಔಷಧಿಯೆಂದು ಒಪ್ಪಲಾಯಿತು. ಅದನ್ನು ಸಂಸ್ಥೆಯೇ ಪೂರೈಸುವುದೆಂದೂ, ಕ್ಯಾಪ್ಸೂಲನ್ನು ಶಿಸ್ತುಭಂಗವೆಂದು ಬಗೆಯುವುದೆಂದೂ ತೀರ್ಮಾನವಾಯಿತು.

ಮೈಕಣ್ಣ ಪ್ರತಿಭಟಿಸಲಿಲ್ಲ. ನಿಜ ಹೇಳಬೇಕೆಂದರೆ, ತಮ್ಮ ಒಂದು ಹೊಟ್ಟೆಯ ಮೇಲೆ ಇಡೀ ನಿಲ್ದಾಣದ ಶಾಂತಿ ನಿಂತಿದೆ ಎಂಬುದು ಅವರಿಗೆ ಒಳಗೊಳಗೇ ಹೆಮ್ಮೆಯ ವಿಷಯವೂ ಆಗಿತ್ತು. ಕ್ಯಾಪ್ಸೂಲು ಬಿಟ್ಟರು. ಉರಿ ಬಂತು, ದನಿ ಹೋಯಿತು, ಜನ ಬೆಂಚುಗಳಿಗೆ ಮರಳಿದರು. ಗುಲಾಬಿ ಔಷಧಿ ಕುಡಿದಾಗ ಒಂದೆರಡು ಘೋಷಣೆಗಳಷ್ಟು ಹೊತ್ತು ತಂಪಾಗಿರುತ್ತಿತ್ತು. ಮನೆಯಲ್ಲಿ ಮತ್ತೆ ದಿಂಬುಗಳು ಗೋಡೆ ಸೇರಿದವು.

ಹೆಂಡತಿ ಸಂಸ್ಥೆಯ ನೌಕರಳಲ್ಲವಾದ್ದರಿಂದ ಅವಳಿಗೆ ಹೆಮ್ಮೆಯಾಗಲಿಲ್ಲ. ಅಳತೆ ಟೇಪನ್ನು ಕೊರಳಿಂದ ತೆಗೆಯುವುದನ್ನೂ ಮರೆತು ನೇರವಾಗಿ ಸಾಹೇಬರ ಕೋಣೆಗೆ ಹೋದಳು.

"ಸಾರ್, ಬಸ್ಸುಗಳನ್ನ ಸರಿಯಾದ ಹೊತ್ತಿಗೆ ಬಿಟ್ರೆ ಇವರ ಗಂಟಲು ಹೇಗಿದ್ರೆ ಏನು?"

ಈ ಕೋನದಿಂದ ವಿಷಯವನ್ನು ಯಾರೂ ನೋಡಿರಲಿಲ್ಲ ಎಂದು ಸಾಹೇಬರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಆದರೆ ಬಸ್ಸು ಬಿಡುವುದು ಸಂಚಾರ ವಿಭಾಗ, ಬಸ್ಸು ಬರಲಿಲ್ಲವೆಂದು ಹೇಳುವುದು ತಮ್ಮ ವಿಭಾಗ; ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕುವ ಪದ್ಧತಿಯಿಲ್ಲ ಎಂದರು. ಸಂಚಾರ ವಿಭಾಗದ ಬಾಗಿಲು ಎದುರಿಗೇ ಇತ್ತು. ಅದರ ಮುಖ್ಯಸ್ಥರು ಇನ್ನೂ ಬಂದಿರಲಿಲ್ಲ. ಅವರು ದಿನಾ ಬರುತ್ತಿದ್ದುದು ಬಸ್ಸಿನಲ್ಲಿ.

ಆದರೂ ಹೆಣ್ಣುಮಗಳು ಬಂದು ಕೇಳಿದ್ದಾಳೆ ಎಂದು ಸಾಹೇಬರು ನಿಯಮಕ್ಕೆ ತಿದ್ದುಪಡಿ ತಂದರು. ಎಲ್ಲ ಬಸ್ಸುಗಳೂ ಸಮಯಕ್ಕೆ ಬಂದ ದಿನ ಘೋಷಕರು ಕ್ಯಾಪ್ಸೂಲು ತೆಗೆದುಕೊಳ್ಳಬಹುದು. ಕ್ಯಾಪ್ಸೂಲು ನುಂಗಬೇಕಾದದ್ದು ಬೆಳಗ್ಗೆ ಬರಿಹೊಟ್ಟೆಗೆ; ಬಸ್ಸುಗಳ ಹಣೆಬರಹ ತಿಳಿಯುವುದು ಸಂಜೆಗೆ. ಈ ತೊಡಕನ್ನು ಹೆಂಡತಿ ತೋರಿಸಿಕೊಟ್ಟಾಗ, ಅದು ವೈದ್ಯಶಾಸ್ತ್ರದ ದೋಷವೆಂದು ಸಾಹೇಬರು ವಿಷಾದ ವ್ಯಕ್ತಪಡಿಸಿದರು.

ಹೆಂಡತಿ ಏಳಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಕೇಳಿದಳು: "ಊರಲ್ಲಿ ಎದೆಯುರಿ ಇರೋದು ನಮ್ಮನೆಯವರೊಬ್ಬರಿಗೇನಾ ಸಾರ್?"

ಈ ಮಾತು ಸಾಹೇಬರಿಗೆ ಬಹಳ ಹಿಡಿಸಿತು. ಹೊಸ ಘೋಷಕರ ನೇಮಕಕ್ಕೆ ಪ್ರಕಟಣೆ ಹೊರಟಿತು. ದೀರ್ಘಕಾಲದ ಹುಳಿತೇಗು ಉಳ್ಳವರಿಗೆ ಆದ್ಯತೆ. ಗುಣಮುಖರಾದವರು ಅರ್ಜಿ ಹಾಕುವಂತಿಲ್ಲ.

ಸಂದರ್ಶನದ ದಿನ ಕಾರಿಡಾರು ತುಂಬಿಹೋಗಿತ್ತು. ಅಭ್ಯರ್ಥಿಗಳು ಒಬ್ಬರ ತೇಗನ್ನು ಇನ್ನೊಬ್ಬರು ಅನುಮಾನದಿಂದ ಆಲಿಸುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರ ದನಿ ಕೇಳಿ ವಿಚಾರಣೆ ಅಕ್ಕನ ಕಣ್ಣಲ್ಲಿ ನೀರು ಬಂತು. ಆದರೆ ಆಯ್ಕೆಯಾದದ್ದು ಸುತ್ತೋಲೆ ಸಾಹೇಬರ ಭಾವಮೈದ. ಕಲ್ಲು ತಿಂದರೂ ಕರಗಿಸುವ ಹೊಟ್ಟೆ ಅವನದು. ಮಲಗಿದಾಗ ಎದೆಯಲ್ಲಿ ಏನಾಗುತ್ತದೆ ಎಂದು ಟೈರು ಉಗ್ರಾಣದವರು ಕೇಳಿದ್ದಕ್ಕೆ, "ಏನೂ ಗೊತ್ತಾಗಲ್ಲ ಸಾರ್, ನಿದ್ದೆ ಬಂದುಬಿಡುತ್ತೆ" ಎಂದಿದ್ದ. ಸತ್ಯ ಹೇಳುವ ಗುಣವಿದೆ ಎಂದು ಅಧ್ಯಕ್ಷರು ಬರೆದುಕೊಂಡರು. ನೇಮಕದ ಆದೇಶದಲ್ಲಿ, ಅಭ್ಯರ್ಥಿಯು ಪ್ರೊಬೇಷನ್ ಮುಗಿಯುವುದರೊಳಗೆ ಅಗತ್ಯ ರೋಗವನ್ನು ಸಂಪಾದಿಸಿಕೊಳ್ಳತಕ್ಕದ್ದು ಎಂಬ ಷರತ್ತಿತ್ತು.

ಭಾವಮೈದ ಕೆಟ್ಟವನಲ್ಲ. ಪ್ರಯತ್ನದಲ್ಲಿ ಏನೂ ಕೊರತೆ ಮಾಡಲಿಲ್ಲ. ಕ್ಯಾಂಟೀನಿನಲ್ಲಿ ಹಸಿಮೆಣಸಿನಕಾಯಿ, ಕರಿದದ್ದು, ಕಾಫಿ ಎಲ್ಲವನ್ನೂ ಒಟ್ಟೊಟ್ಟಿಗೆ ತಿಂದ, ಕುಡಿದ, ತಿಂದ ಕೂಡಲೇ ಮಲಗಿ ಹೊರಳಾಡಿದ. ಏನೂ ಆಗಲಿಲ್ಲ, ಮೈ ಕೈ ತುಂಬಿಕೊಂಡ. ಅವನು ಮೈಕು ಹಿಡಿದಾಗಲೆಲ್ಲ ಜನ ಕಿಟಕಿಯಲ್ಲಿ ಕೂಗಾಡುತ್ತಿದ್ದರು. ಮೈಕಣ್ಣನವರಿಗೆ ಅವನನ್ನು ನೋಡಿ ಮರುಕ ಬಂತು. ಇದು ತಿಂದು ಬರುವ ಕಾಯಿಲೆಯಲ್ಲ ಎಂದು ಹೇಳಿ, ತಮ್ಮ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಬಸ್ಸು ಎಲ್ಲಿದೆ ಎಂದು ಸಂಚಾರ ವಿಭಾಗಕ್ಕೆ ದಿನವಿಡೀ ಫೋನು ಮಾಡುವ ಕೆಲಸ ಒಪ್ಪಿಸಿದರು. ಆ ಕಡೆಯಿಂದ ಒಮ್ಮೊಮ್ಮೆ "ಬಿಟ್ಟಾಗಿದೆ" ಎನ್ನುತ್ತಿದ್ದರು, ಒಮ್ಮೊಮ್ಮೆ "ಯಾವ ಬಸ್ಸು?" ಎನ್ನುತ್ತಿದ್ದರು, ಹೆಚ್ಚಾಗಿ ಫೋನನ್ನು ಎತ್ತಿ ಪಕ್ಕಕ್ಕಿಟ್ಟು ತಮ್ಮ ಪಾಡಿಗೆ ಹರಟುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಭಾವಮೈದನ ದನಿ ಸೀಳಿತು. ಸ್ವಂತ ಅಕ್ಕನ, ಅಂದರೆ ಸಾಹೇಬರ, ಮನೆಯಲ್ಲಿ ಅವನು ಗೋಡೆಗೊರಗಿ ಮಲಗಲು ಶುರುಮಾಡಿದ. ಸಾಹೇಬರು ಸಿಹಿ ಹಂಚಿದರು. ಅವನಿಗೆ ಮಾತ್ರ ತಿನ್ನಲಾಗಲಿಲ್ಲ. ಮೈಕಣ್ಣ ಡಾಕ್ಟರಮ್ಮನ ವಿಳಾಸ ಬರೆದುಕೊಟ್ಟಾಗ ಅವನು ಕೈಮುಗಿದು, ನೌಕರಿ ಕಾಯಂ ಆದ ಮೇಲೆ ಸಂಬಳ ಹೆಚ್ಚಳವೊಂದು ಇದೆಯಂತೆ, ಅದೂ ಬಂದುಬಿಡಲಿ, ಅಲ್ಲಿವರೆಗೆ ಬಾಟಲಿಯಲ್ಲೇ ದೂಡುತ್ತೇನೆ ಎಂದ.

ಮೈಕಣ್ಣನವರನ್ನು ಕಳೆದುಹೋದ ಸಾಮಾನುಗಳ ಕೋಣೆಗೆ ವರ್ಗ ಮಾಡಲಾಯಿತು. ಅಲ್ಲಿ ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡಬೇಕಾದ್ದಿಲ್ಲ. ಕ್ಯಾಪ್ಸೂಲಿಗೆ ಅಡ್ಡಿಯಿರಲಿಲ್ಲ. ಗುಣವಾದ ಮೇಲೆ ಡಾಕ್ಟರಮ್ಮ ಅದನ್ನೂ ಮೆಲ್ಲಗೆ ಬಿಡಿಸಿದರು.

ಇತ್ತೀಚೆಗೆ ಒಂದು ಭಾನುವಾರ ಗಂಡ ಹೆಂಡತಿ ಸಂಬಂಧಿಕರ ಮನೆಗೆ ಹೊರಟು ನಿಲ್ದಾಣಕ್ಕೆ ಬಂದರು. ಬಸ್ಸು ಇರಲಿಲ್ಲ. ಬಿಸಿಲು ಬೆಂಚಿನವರೆಗೆ ಬಂತು. ಅಷ್ಟರಲ್ಲಿ ಮೇಲಿನ ಕಹಳೆಯಂಥ ಸ್ಪೀಕರಿನಿಂದ ಭಾವಮೈದನ ದನಿ ಕೇಳಿಸಿತು. ಅನಿವಾರ್ಯ ಕಾರಣಗಳಿಂದ ಬಸ್ಸು ತಡವಾಗಲಿದೆ, ಎಷ್ಟೆಂದು ಹೇಳಲಾಗುತ್ತಿಲ್ಲ. ಕೊನೆಯ ಮಾತಿಗೆ ಹುಳಿ ಮೇಲೇರಿ ಬಂದು, ಅವನು ಒಂದು ಕ್ಷಣ ತಡೆದು ಮುಗಿಸಿದ.

ಹೆಂಡತಿ ಕಿಟಕಿಯಲ್ಲಿ ಕೇಳಿ ಬರುತ್ತೇನೆಂದು ಎದ್ದಳು. ಮೈಕಣ್ಣ ಅವಳ ಸೆರಗು ಹಿಡಿದು ಕೂರಿಸಿದರು. ಅವರ ಕಣ್ಣು ತೇವವಾಗಿತ್ತು.

"ಬೇಡ ಬಿಡು," ಎಂದರು. "ಇಷ್ಟು ನೊಂದು ಹೇಳ್ತಿದಾನೆ. ಅಂದ ಮೇಲೆ ಬಸ್ಸಿಗೆ ನಿಜವಾಗ್ಲೂ ಏನೋ ಆಗಿರಬೇಕು."

ಹೆಂಡತಿ ಒಮ್ಮೆ ಸ್ಪೀಕರನ್ನೂ ಒಮ್ಮೆ ಗಂಡನನ್ನೂ ನೋಡಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲಿನಿಂದ ಸ್ವಲ್ಪ ಈಚೆಗೆ ಸರಿದು ಕೂತಳು.